ಹೊಡೆದುಹಾಕಿದ ಹದಿನಾಲ್ಕನೇ ನಡೆ

ನಡೆಗೆ ಐದು ಸೆಕೆಂಡು. ಹೆಚ್ಚೆಂದರೆ ಆರು. ಯಾರೂ ಹೇಳಿಕೊಡದೆ ಇಷ್ಟು ಬೇಗ ಹೇಗೆ ಆಡುತ್ತಾನೆ?

ಹಾಗಂತ ಹೇಳಿಕೊಟ್ಟವನು ಗೆಳೆಯ ಬೈಲಪ್ಪನೇ ಎಂದು ತೀರ್ಮಾನಿಸುವುದು ಹೇಗೆ? ತೀರ್ಮಾನಿಸಲಾಗದು. ಆದರೆ ಬೇರೆ ಯಾರಿಗೆ ಗೊತ್ತಿತ್ತು? ಇಡೀ ಬೆಂಗಳೂರಿನಲ್ಲಿ ಈ ನಡೆಗಳ ಗುಟ್ಟು ಇಬ್ಬರಿಗೇ ಗೊತ್ತಿತ್ತು. ಒಬ್ಬ ತಾನು.

ಸಂಜೀವಯ್ಯ ಚೆಸ್ ಬೋರ್ಡಿನಿಂದ ಕಣ್ಣೆತ್ತಲಿಲ್ಲ. ಹನ್ನೆರಡು ನಡೆಗಳು ಮುಗಿದಿದ್ದವು. ಎದುರಿಗೆ ಕುಳಿತಿದ್ದ ಗಂಗಾಧರಯ್ಯನ ಗಡಿಯಾರದಲ್ಲಿ ನಾಲ್ಕು ನಿಮಿಷವೂ ಖರ್ಚಾಗಿರಲಿಲ್ಲ. ಹಿಂದಿನ ಎಂಟು ಸುತ್ತುಗಳಲ್ಲಿ ಇದೇ ಮನುಷ್ಯ ಮೊದಲ ಹತ್ತು ನಡೆಗೆ ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದ. ಗಲ್ಲಕ್ಕೆ ಕೈಕೊಟ್ಟು, ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು, ಆಮೇಲೆ ಒಂದು ಪದಾತಿ ಮುಂದಕ್ಕೆ. ಬೇಗೂರಿನ ಕಡೆಯ ಹೈಸ್ಕೂಲು ಮೇಷ್ಟ್ರು. ಇವನ ಮೇಜಿನ ಪಕ್ಕದವರು ಬೇಸತ್ತು ಎದ್ದು ಹೋಗಿ ಬೋಂಡ ತಿಂದು ಬರುತ್ತಿದ್ದರು. ಇವತ್ತು ಪ್ಯಾಂಟು ಹಾಕಿಕೊಂಡು ಬಂದಿದ್ದಾನೆ. ಗರಿಗರಿ ಇಸ್ತ್ರಿ ಮಾಡಿದ ಬಿಳಿ ಶರಟು. ಕಾಯಿ ಎತ್ತುತ್ತಾನೆ, ಇಡುತ್ತಾನೆ, ಗಡಿಯಾರದ ಗುಂಡಿ ಒತ್ತುತ್ತಾನೆ. ಮೊದಲೇ ಬಾಯಿಪಾಠ ಮಾಡಿಕೊಂಡು ಬಂದವನ ಹಾಗೆ.

ಅದು ೧೯೮೩ರ ನವೆಂಬರ್ ತಿಂಗಳ ಒಂದು ಭಾನುವಾರ. ಜಯನಗರ ಮೂರನೇ ಬ್ಲಾಕಿನ ಶಾಲೆಯೊಂದರ ಹಾಲಿನಲ್ಲಿ ಮಕ್ಕಳ ಡೆಸ್ಕುಗಳನ್ನು ಎರಡೆರಡಾಗಿ ಜೋಡಿಸಿ ಮೇಲೆ ಬೋರ್ಡು ಹಾಸಿದ್ದರು. ಒಂಬತ್ತು ಸುತ್ತಿನ ಪಂದ್ಯಾವಳಿಯ ಕೊನೆಯ ಸುತ್ತು. ಮುಂದಿನ ಸಾಲಿನ ಕುರ್ಚಿಯಲ್ಲಿ ಒಂದು ಸರ್ಕಾರಿ ಕಾರ್ಖಾನೆಯ ಕ್ರೀಡಾಧಿಕಾರಿ ಪೇಪರ್ ಓದುತ್ತ ಕುಳಿತಿದ್ದರು. ಅವರ ಕಾರ್ಖಾನೆಗೆ ಚೆಸ್ ತಂಡ ಕಟ್ಟಬೇಕಿತ್ತು. ಮೊದಲ ಮೂರು ಸ್ಥಾನದೊಳಗೆ ಬಂದವರಲ್ಲಿ ಕೆಲಸವಿಲ್ಲದ ಒಬ್ಬನನ್ನು ಗುಮಾಸ್ತನಾಗಿ ತೆಗೆದುಕೊಳ್ಳುತ್ತೇವೆ ಎಂದು ಅವರು ಮೊದಲ ದಿನವೇ ಎಲ್ಲರೆದುರು ಹೇಳಿದ್ದರು.

ಸಂಜೀವಯ್ಯನಿಗೆ ಇಪ್ಪತ್ತೈದು ವರ್ಷ. ಬಿ.ಎಸ್ಸಿ. ಮುಗಿಸಿ ನಾಲ್ಕು ವರ್ಷವಾಗಿತ್ತು. ಉದ್ಯೋಗ ವಿನಿಮಯ ಕೇಂದ್ರದ ಕಾರ್ಡನ್ನು ಎರಡು ಸಲ ನವೀಕರಿಸಿದ್ದ. ಮಿಲ್ಲಿನಲ್ಲಿದ್ದ ಅಪ್ಪ ಯಲ್ಲಯ್ಯ ಬರುವ ಮಾರ್ಚಿಗೆ ನಿವೃತ್ತ. ಎಂಟು ಸುತ್ತಿನಲ್ಲಿ ಇವನಿಗೆ ಆರೂವರೆ ಅಂಕ ಬಂದಿತ್ತು. ಇವತ್ತು ಗೆಲ್ಲಲೇಬೇಕೆಂದಿರಲಿಲ್ಲ. ಡ್ರಾ ಆದರೂ ಮೂರನೇ ಸ್ಥಾನ ಖಚಿತ, ಮೇಲಿನ ಇಬ್ಬರಿಗೂ ಬ್ಯಾಂಕಿನಲ್ಲಿ ಕೆಲಸವಿತ್ತು. ಸೋತರೆ ಐದನೆಯವನೋ ಆರನೆಯವನೋ ಆಗಿಬಿಡುತ್ತಾನೆ.

ಗಂಗಾಧರಯ್ಯ ಬಿಳಿ ಕಾಯಿ ಸಿಕ್ಕಿದಾಗಲೆಲ್ಲ ಒಂದೇ ಓಪನಿಂಗ್ ಆಡುತ್ತಿದ್ದ. ನಾಲ್ಕನೇ ನಡೆಗೇ ಕುದುರೆ ನುಗ್ಗಿಸಿ ಒಂದು ಪದಾತಿ ತಿನ್ನುವುದು, ಆಮೇಲೆ ಆ ಒಂದು ಪದಾತಿಯ ಲಾಭವನ್ನು ಹಿಡಿದುಕೊಂಡು ಆಟದ ಕೊನೆಯವರೆಗೂ ಕಾಯುತ್ತ ಕೂರುವುದು. ಕರಿ ಕಾಯಿಯವನಿಗೆ ಪದಾತಿ ಹೋಗುತ್ತದೆ, ಬದಲಿಗೆ ಅವನ ಒಂಟೆ, ಕುದುರೆಗಳು ಬೇಗ ಹೊರಗೆ ಬರುತ್ತವೆ. ಅವುಗಳ ಬಿಸಿ ಆರುವ ಮೊದಲೇ ಏನಾದರೂ ಮಾಡಬೇಕು. ಮಾಡದಿದ್ದರೆ ಮೆಲ್ಲಗೆ ಸಾಯಬೇಕು.

ಏನು ಮಾಡಬಹುದು ಎಂಬುದನ್ನು ಸಂಜೀವಯ್ಯ ಮತ್ತು ಬೈಲಪ್ಪ ನಾಲ್ಕು ತಿಂಗಳು ಹುಡುಕಿದ್ದರು.

ಬೈಲಪ್ಪನ ಮನೆ ಬನಶಂಕರಿ ಎರಡನೇ ಹಂತದಲ್ಲಿ. ಮುಂದೆ ಸೌದೆ ಡಿಪೋ, ಹಿಂದೆ ಮನೆ. ತಲಘಟ್ಟಪುರದಲ್ಲಿ ಹೊಲ ಇದ್ದವರು, ಅವನ ಅಪ್ಪನ ಕಾಲಕ್ಕೆ ಇಲ್ಲಿಗೆ ಬಂದು ಡಿಪೋ ಇಟ್ಟಿದ್ದರು. ಅಪ್ಪ ತೀರಿಕೊಂಡ ಮೇಲೆ ಬೈಲಪ್ಪನೇ ತಕ್ಕಡಿ ಹಿಡಿದ. ಅವನಿಗಿಂತ ಚೆನ್ನಾಗಿ ಆಟ ಕಂಡವರನ್ನು ಸಂಜೀವಯ್ಯ ನೋಡಿರಲಿಲ್ಲ. ಆದರೆ ಪಂದ್ಯದಲ್ಲಿ ಗಡಿಯಾರ ಟಿಕ್ ಟಿಕ್ ಅನ್ನತೊಡಗಿದರೆ ಬೈಲಪ್ಪ ಅವಸರಪಟ್ಟು ಗೆದ್ದ ಆಟ ಸೋತು ಬರುತ್ತಿದ್ದ. ಎರಡು ವರ್ಷದಿಂದ ಆಡುವುದನ್ನೇ ಬಿಟ್ಟಿದ್ದ. ‘ನೀನು ಆಡು ಮಗಾ, ನಾನು ನೋಡ್ತೀನಿ’ ಎಂದಿದ್ದ.

ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಇಬ್ಬರೂ ಸೌದೆಯ ಅಟ್ಟಿಯ ನೆರಳಿನಲ್ಲಿ ಬೋರ್ಡು ಹಾಕಿಕೊಂಡು ಕೂರುತ್ತಿದ್ದರು. ಕೊನೆಗೆ ಕಂಡುಕೊಂಡವನು ಬೈಲಪ್ಪ. ಹದಿಮೂರನೇ ನಡೆಯಲ್ಲಿ ಬಿಳಿ ತನ್ನ ಬಲ ಅಂಚಿನ ಪದಾತಿಯನ್ನು ಒಂದು ಮನೆ ತಳ್ಳಿ ಆಮೇಲೆ ರಾಜನನ್ನು ಆನೆಯ ಮರೆಗೆ ಸರಿಸಿ ಕೋಟೆ ಕಟ್ಟಿಕೊಂಡರೆ, ಕರಿಯ ಹದಿನಾಲ್ಕನೇ ನಡೆಗೆ ಒಂಟೆಯನ್ನು ಆ ಪದಾತಿಯ ಮೇಲೆ ಹೊಡೆಸಿ ಬಲಿ ಕೊಟ್ಟುಬಿಡುವುದು. ಬಿಳಿ ಒಂಟೆಯನ್ನು ತಿನ್ನುತ್ತದೆ. ಆಗ ಕರಿ ತನ್ನ ರಾಣಿಯನ್ನು ಒಂದೇ ಒಂದು ಮನೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಅಷ್ಟೇ. ಹೊಡೆತವಿಲ್ಲ, ಚೆಕ್ ಇಲ್ಲ. ಓಡಿಹೋಗುವವಳ ಹಾಗೆ ಕಾಣುವ ರಾಣಿ ಆ ಮನೆಯಿಂದ ಬೋರ್ಡಿನ ಉದ್ದಕ್ಕೂ ಓರೆಯಾಗಿ ನೋಡುತ್ತಿರುತ್ತಾಳೆ, ಬಿಳಿ ರಾಜನ ಮನೆಬಾಗಿಲಿನ ತನಕ. ಆಮೇಲೆ ಬಿಳಿ ಏನು ಮಾಡಿದರೂ ಕರಿಗೆ ಕಡೇಪಕ್ಷ ಬಿಡದೆ ಚೆಕ್ ಕೊಡುತ್ತಾ ಹೋಗುವ ಡ್ರಾ ಇತ್ತು. ಅವರಿಬ್ಬರ ಲೆಕ್ಕದಲ್ಲಿ ಇತ್ತು. ಒಂದು ಇನ್ನೂರು ಪುಟದ ನೋಟ್‌ಬುಕ್ಕಿನ ತುಂಬ ಅದನ್ನೇ ಬರೆದಿದ್ದರು.

ಆ ಮನೆಯಲ್ಲಿ ಸಂಜೀವಯ್ಯನಿಗೆ ಕಾಫಿ ಕೊಡುತ್ತಿದ್ದವರು ಬೈಲಪ್ಪನ ತಾಯಿ ಅಂಜನಮ್ಮ. ನಾಲ್ಕು ತಿಂಗಳೂ ಅದೇ ಲೋಟ. ಅಂಚಿನ ಹತ್ತಿರ ನೆಗ್ಗಿದ ಒಂದು ಸ್ಟೀಲ್ ಲೋಟ. ತನ್ನ ಜಾತಿ ಯಾವುದು ಎಂದು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ, ಕೇಳದೆಯೂ ಗೊತ್ತಿರುತ್ತದೆ ಎಂದು ಅವನಿಗೆ ಗೊತ್ತಿತ್ತು. ಆ ಲೋಟ ತನಗೆಂದೇ ಬೇರೆ ಇಟ್ಟದ್ದೋ, ಕೈಗೆ ಸಿಕ್ಕಿದ್ದೋ? ಬೈಲಪ್ಪ ಕುಡಿಯುತ್ತಿದ್ದ ಲೋಟ ದಿನಕ್ಕೊಂದು ಇರುತ್ತಿತ್ತೇ? ನೋಡಬೇಕು ಎಂದುಕೊಂಡು ಹೋಗುತ್ತಿದ್ದ, ಬೋರ್ಡು ಹಾಕಿದೊಡನೆ ಮರೆಯುತ್ತಿದ್ದ, ಮನೆಗೆ ಬರುವ ದಾರಿಯಲ್ಲಿ ಮತ್ತೆ ನೆನಪಾಗುತ್ತಿತ್ತು. ಯಡಿಯೂರು ಕೆರೆಯ ಪಕ್ಕದ ವಠಾರ ಬರುವ ತನಕ ಆ ಲೋಟ ಅವನ ಜೊತೆಗೇ ನಡೆದು ಬರುತ್ತಿತ್ತು.

ಎರಡು ಭಾನುವಾರದ ಹಿಂದೆ ಒಂದು ಘಟನೆ ನಡೆದಿತ್ತು. ಡಿಪೋಗೆ ಹೋಗುವ ತಿರುವಿನಲ್ಲಿ ಸಂಜೀವಯ್ಯ ಸೈಕಲ್ ಇಳಿಯುವಾಗ ಬೈಲಪ್ಪನ ಮನೆಯಿಂದ ಇಬ್ಬರು ಹೊರಗೆ ಬಂದರು. ಒಬ್ಬರು ರುಮಾಲು ಸುತ್ತಿದ ಹಿರಿಯರು. ಇನ್ನೊಬ್ಬ ಕನ್ನಡಕದವನು, ಅದೇ ಮೇಷ್ಟ್ರು. ಬೈಲಪ್ಪ ಗೇಟಿನ ತನಕ ಬಂದು ಕೈಮುಗಿದ. ಸಂಜೀವಯ್ಯ ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದು, ಅವರು ಬಸ್‌ಸ್ಟಾಪಿನ ಕಡೆ ಹೋದ ಮೇಲೆ ಒಳಗೆ ಹೋದ. ಯಾರೋ ಬಂದ ಹಾಗಿತ್ತಲ್ಲ ಎಂದು ಸುಮ್ಮನೆ ಕೇಳುವವನ ಹಾಗೆ ಕೇಳಿದ.

‘ಯಾರೂ ಇಲ್ವಲ್ಲ’ ಅಂದ ಬೈಲಪ್ಪ. ತಕ್ಕಡಿಯ ಸರಪಣಿ ಸರಿಮಾಡುತ್ತಿದ್ದ. ಮುಖ ತಿರುಗಿಸಲಿಲ್ಲ.

ನೋಟ್‌ಬುಕ್ಕು ಯಾವಾಗಲೂ ಇರುತ್ತಿದ್ದ ಕಿಟಕಿಯ ಗೂಡಿನಲ್ಲಿ ಅವತ್ತು ಇರಲಿಲ್ಲ. ಅಮ್ಮ ಎಲ್ಲೋ ಎತ್ತಿಟ್ಟಿದ್ದಾಳೆ ಎಂದು ಬೈಲಪ್ಪ ಒಳಗೆ ಹೋಗಿ ಬಹಳ ಹೊತ್ತು ಹುಡುಕಿ ತಂದ. ಮನೆ ಅವತ್ತು ವಿಪರೀತ ಚೊಕ್ಕಟವಾಗಿತ್ತು. ಅದನ್ನು ಸಂಜೀವಯ್ಯ ಗಮನಿಸಿದ್ದ, ಆದರೆ ಅದರಿಂದ ಏನನ್ನೂ ಊಹಿಸಲಿಲ್ಲ. ಊಹಿಸಿದ್ದು ಬೇರೆಯದನ್ನು. ಆಮೇಲೆ ಹದಿನಾಲ್ಕು ದಿನ ಅದನ್ನೇ ಊಹಿಸುತ್ತಿದ್ದ. ಮೇಷ್ಟ್ರು ಬೇಗೂರಿನವನು, ಇವರು ತಲಘಟ್ಟಪುರದವರು, ಹೊಲ ಮನೆ ಕಂಡ ಜನ. ಎಷ್ಟಾದರೂ ಅವರವರು ಒಂದು. ತಾನು ಯಾರು, ನೆಗ್ಗಿದ ಲೋಟದಲ್ಲಿ ಕಾಫಿ ಕುಡಿದು ಹೋಗುವವನು. ಹೀಗೆ ಯೋಚಿಸಿದ್ದಕ್ಕೆ ನಾಚಿಕೆಯೂ ಆಗುತ್ತಿತ್ತು. ಆದರೆ ಯೋಚನೆ ನಿಲ್ಲುತ್ತಿರಲಿಲ್ಲ.

ಈಗ ಗಂಗಾಧರಯ್ಯ ಹದಿಮೂರನೇ ನಡೆ ಆಡಿದ. ಬಲ ಅಂಚಿನ ಪದಾತಿ, ಒಂದು ಮನೆ.

ಸಂಜೀವಯ್ಯ, ಬೈಲಪ್ಪ ಕಾದಿದ್ದ ನಡೆಯೇ. ಅದನ್ನು ಇವನು ಹಿಂದಿನ ಆಟಗಳಲ್ಲಿ ಆಡಿದ್ದು ಅಪರೂಪ. ಇವನು ಹೀಗೆ ಆಡಲಿ ದೇವರೇ ಎಂದು ಬೈಲಪ್ಪ ನಕ್ಕಿದ್ದ. ಈಗ ಆಡಿಬಿಟ್ಟಿದ್ದಾನೆ, ಐದು ಸೆಕೆಂಡಿನಲ್ಲಿ, ಹಣ್ಣಿನ ತಟ್ಟೆ ಮುಂದಕ್ಕೆ ತಳ್ಳುವವನ ಹಾಗೆ. ಸಂಜೀವಯ್ಯ ಕೋಟೆ ಕಟ್ಟಿದ. ಮೇಷ್ಟ್ರು ಕೋಟೆ ಕಟ್ಟಿದ. ಗುಂಡಿ ಒತ್ತಿದ. ನೋಟ್‌ಬುಕ್ಕಿನ ಮೊದಲ ಪುಟದ ಚಿತ್ರ ಹಾಗೆಯೇ ಬೋರ್ಡಿನ ಮೇಲೆ ನಿಂತಿತ್ತು.

ಆಡುವ ಮೊದಲು ನಡೆಯನ್ನು ಹಾಳೆಯಲ್ಲಿ ಬರೆಯುವುದು ಸಂಜೀವಯ್ಯನ ಅಭ್ಯಾಸ. ಬೈಲಪ್ಪ ಕಲಿಸಿದ್ದು. ಮೊದಲು ಬರಿ, ಆಮೇಲೆ ಎರಡೂ ಕೈ ತೊಡೆ ಕೆಳಗೆ ಇಟ್ಕೊಂಡು ಇನ್ನೊಂದು ಸಲ ಬೋರ್ಡು ನೋಡು, ಆಮೇಲೆ ಆಡು ಅನ್ನುತ್ತಿದ್ದ. ಅವಸರಕ್ಕೆ ಇದೇ ಮದ್ದು ಅಂತ. ಹಾಳೆಯ ಕೆಳಗೆ ಕಾರ್ಬನ್, ಅದರ ಕೆಳಗೆ ಇನ್ನೊಂದು ಹಾಳೆ. ಮೇಲಿನದು ತೀರ್ಪುಗಾರರಿಗೆ, ಕೆಳಗಿನದು ಆಟಗಾರನಿಗೆ.

ಹದಿನಾಲ್ಕರ ಎದುರಿಗೆ ಸಂಜೀವಯ್ಯ ಒಂಟೆಯ ಬಲಿಯನ್ನು ಬರೆದ. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ. ನೋಡಿದ.

ಗೊತ್ತಿದ್ದೇ ಆಡುತ್ತಿದ್ದಾನೆ. ಗೊತ್ತಿಲ್ಲದವನು ಇಷ್ಟು ಸಲೀಸಾಗಿ ಈ ಪದಾತಿಯನ್ನು ತಳ್ಳುವುದಿಲ್ಲ. ಗೊತ್ತಿದೆ ಅಂದರೆ ಉತ್ತರವೂ ಗೊತ್ತಿದೆ. ಬೈಲಪ್ಪನಂಥವನು ಹೇಳಿದರೆ ಬಲಿಯನ್ನು ಮಾತ್ರ ಹೇಳುತ್ತಾನೆಯೇ, ಅದಕ್ಕೆ ಮದ್ದನ್ನೂ ಹುಡುಕಿ ಹೇಳುತ್ತಾನೆ. ತನ್ನ ಹತ್ತಿರ ಹೇಳಿದ್ದು ಅರ್ಧ. ಇವನ ಹತ್ತಿರ ಇನ್ನರ್ಧ.

ಅವನು ತಲೆ ಎತ್ತಿದ. ಹಾಲಿನ ಬಾಗಿಲ ಹತ್ತಿರ, ನೋಡುವವರಿಗೆ ಕಟ್ಟಿದ್ದ ಹಗ್ಗದ ಆಚೆ, ಬೈಲಪ್ಪ ನಿಂತಿದ್ದ. ಅವನೂ ಬಿಳಿ ಶರಟು ಹಾಕಿದ್ದ, ಭಾನುವಾರ ಡಿಪೋ ಬಿಟ್ಟು ಬರುವಾಗ ಎಂದೂ ಹಾಕದಂಥದ್ದು. ಅವನ ಕಣ್ಣು ಈ ಬೋರ್ಡಿನ ಮೇಲೇ ಇತ್ತು. ಸಂಜೀವಯ್ಯನ ಕಣ್ಣು ತಾಕಿದ ಕೂಡಲೇ ಮುಖ ತಿರುಗಿಸಿ ಗೋಡೆಯ ಮೇಲಿನ ಭೂಪಟ ನೋಡತೊಡಗಿದ. ಅಷ್ಟರಲ್ಲಿ ಗಂಗಾಧರಯ್ಯನೂ ತಿರುಗಿ ಅದೇ ಬಾಗಿಲ ಕಡೆ ನೋಡಿದ. ಬೈಲಪ್ಪನನ್ನು ಕಂಡು ತುಸುವೇ ತಲೆ ಆಡಿಸಿದ ಹಾಗಿತ್ತು.

ಸಂಜೀವಯ್ಯ ಇಪ್ಪತ್ತೆರಡು ನಿಮಿಷ ಯೋಚಿಸಿದ. ಆ ಇಪ್ಪತ್ತೆರಡು ನಿಮಿಷದಲ್ಲಿ ಬೋರ್ಡಿನ ಮೇಲಿದ್ದ ಕಾಯಿಗಳ ಬಗ್ಗೆ ಯೋಚಿಸಿದ್ದು ಬಹಳ ಕಡಿಮೆ. ಆಮೇಲೆ ಪೆನ್ನು ತೆಗೆದುಕೊಂಡು, ಬರೆದಿದ್ದ ನಡೆಯನ್ನು ಒಂದು ಗೆರೆಯಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ ಬೇರೆ ನಡೆ ಬರೆದ. ಒಂಟೆಯನ್ನು ಎರಡೇ ಮನೆ ಮುಂದಕ್ಕೆ ತಂದು ಇಟ್ಟ. ಯಾರ ತಂಟೆಗೂ ಹೋಗದ ನಡೆ. ಬಾಗಿಲ ಕಡೆಯಿಂದ ಒಂದು ಕೆಮ್ಮು ಕೇಳಿಸಿತು.

ಮುಂದೆ ನಡೆದದ್ದು ಹೀಗೆ ಆಡಿದವರಿಗೆ ಆಗುವುದೇ. ಕರಿಯ ಕಾಯಿಗಳು ಒಂದೊಂದಾಗಿ ಆರಿದವು. ಬಿಳಿಯ ಹೆಚ್ಚಿನ ಪದಾತಿ ಒಂದೊಂದೇ ಮನೆ ಏರಿತು. ಐವತ್ತೊಂದನೇ ನಡೆಯಲ್ಲಿ ಸಂಜೀವಯ್ಯ ರಾಜನನ್ನು ಮಲಗಿಸಿ ಕೈ ಚಾಚಿದ. ಮುಂದಿನ ಸಾಲಿನ ಕ್ರೀಡಾಧಿಕಾರಿ ಆಗ ಎದ್ದು ಬೇರೆ ಮೇಜಿನ ಪಕ್ಕ ನಿಂತಿದ್ದರು.

ಗಂಗಾಧರಯ್ಯ ಕೈಗಡಿಯಾರ ನೋಡಿಕೊಂಡ. ಆದರೂ ಎದ್ದು ಹೋಗಲು ಮನಸ್ಸಾಗದೆ ಕಾಯಿಗಳನ್ನು ಹದಿನಾಲ್ಕನೇ ನಡೆಯ ಜಾಗಕ್ಕೆ ಮತ್ತೆ ಜೋಡಿಸಿದ. ಗೆದ್ದವನ ಖುಷಿ ಅವನ ಮುಖದಲ್ಲಿ ಕಾಣಲಿಲ್ಲ, ಸುಸ್ತಾಗಿದ್ದ. ಇಲ್ಲಿ ಒಂಟೆ ಹೊಡೆಯಬಹುದಿತ್ತಲ್ಲ ಎಂದು ಬೆರಳಿನಿಂದ ತೋರಿಸಿದ.

‘ಕೋಟೆ ಕಟ್ಟಿ ಗುಂಡಿ ಒತ್ತಿದ ಮೇಲೆ ಕಾಣಿಸ್ತು ನಂಗೆ. ಬೆವರಿಬಿಟ್ಟೆ ಕಣ್ರೀ. ನೀವು ಬರೀತಾ ಇದ್ರಲ್ಲ, ಅದನ್ನೇ ಬರೀತಿದೀರ ಅಂದ್ಕೊಂಡೆ. ಹೊಡೆದಿದ್ರೆ ಏನ್ ಆಡ್ಬೇಕೂಂತ ನಂಗಂತೂ ಗೊತ್ತಿರ್ಲಿಲ್ಲ.’

ಸಂಜೀವಯ್ಯ ಏನೋ ಹೇಳಬೇಕಲ್ಲ ಎಂದು, ಬಹಳ ಬೇಗ ಆಡಿದಿರಿ ಅಂದ.

ಮೇಷ್ಟ್ರು ನಾಚಿಕೊಂಡು ನಕ್ಕ. ಬೇಗ ಮುಗಿಸಿ ಹೋಗಬೇಕಿತ್ತು, ಪುಸ್ತಕದಲ್ಲಿದ್ದದ್ದನ್ನೆಲ್ಲ ಕಣ್ಣುಮುಚ್ಚಿ ಆಡಿಬಿಟ್ಟೆ, ಆ ಪದಾತಿ ಯಾಕೆ ತಳ್ಳಿದೆನೋ ದೇವರಿಗೇ ಗೊತ್ತು ಎಂದ. ಆಮೇಲೆ ದನಿ ತಗ್ಗಿಸಿದ.

‘ಮೂರು ಗಂಟೆಗೆ ತಲಘಟ್ಟಪುರದಲ್ಲಿ ವೀಳ್ಯ ಬದಲಾಯಿಸ್ತಾರೆ. ನಂದೇ, ಬೈಲಪ್ಪನವರ ತಂಗಿ ಜೊತೆ, ವಾರಿಜಾ ಅಂತ. ನಿಮ್ಗೆ ಹೇಳಿರ್ಬೇಕಲ್ಲ ಅವ್ರು. ನೀವು ಮನೆ ಮಗನ ಥರ ಅಂದ್ರು.’

ಹೇಳಿದ್ದಾನೆ ಎಂಬಂತೆ ಸಂಜೀವಯ್ಯ ತಲೆ ಆಡಿಸಿದ.

ವಾರಿಜಾಗೆ ಎರಡು ವರ್ಷದ ಹಿಂದೆ ಒಂದು ಸಂಬಂಧ ಕೂಡಿ ಬಂದು ತಪ್ಪಿಹೋಗಿದ್ದು ಅವನಿಗೆ ಗೊತ್ತಿತ್ತು. ಮಾತು ಗಟ್ಟಿಯಾಗುವ ಮೊದಲೇ ಸುದ್ದಿ ಬೀದಿಗೆ ಬಿದ್ದು, ಯಾರೋ ಹೋಗಿ ಗಂಡಿನ ಕಡೆಯವರ ಕಿವಿಗೆ ಏನೋ ಹಾಕಿ, ಅದು ಮುರಿದಿತ್ತು. ಅಂದಿನಿಂದ ಅಂಜನಮ್ಮ ಮಗನ ಕೈಯಲ್ಲಿ ಆಣೆ ಹಾಕಿಸಿಕೊಂಡಿದ್ದರು, ಇನ್ನು ಮುಂದೆ ವೀಳ್ಯ ಬದಲಾಗುವ ತನಕ ಒಬ್ಬರ ಹತ್ತಿರವೂ ಬಾಯಿ ಬಿಡಕೂಡದು ಎಂದು. ಆ ಆಣೆಯ ವಿಷಯವನ್ನು ಸ್ವತಃ ಬೈಲಪ್ಪನೇ ಒಮ್ಮೆ ಸೌದೆಯ ಅಟ್ಟಿಯ ನೆರಳಿನಲ್ಲಿ ಹೇಳಿದ್ದ. ನಗುತ್ತ ಹೇಳಿದ್ದ. ಆಗ ಸಂಜೀವಯ್ಯನ ಮನಸ್ಸು ಬೋರ್ಡಿನ ಮೇಲಿತ್ತು.

ಮೇಷ್ಟ್ರು ಅವಸರವಾಗಿ ಹೊರಟ. ಬೈಲಪ್ಪ ಹಗ್ಗ ದಾಟಿ ಒಳಗೆ ಬಂದ. ಮೇಷ್ಟ್ರು ಎದ್ದುಹೋದ ಬೆಂಚಿನ ಮೇಲೆ ಕುಳಿತು ಸಂಜೀವಯ್ಯನ ಕಾರ್ಬನ್ ಪ್ರತಿಯನ್ನು ಎತ್ತಿಕೊಂಡ. ಅವನ ಬೆರಳು ಸಾಲಿನಿಂದ ಸಾಲಿಗೆ ಇಳಿದು ಹದಿನಾಲ್ಕರ ಹತ್ತಿರ ನಿಂತಿತು. ಹೊಡೆದುಹಾಕಿದ ಗೆರೆ ಕಾರ್ಬನ್ನಿನಲ್ಲಿ ಇನ್ನೂ ದಪ್ಪವಾಗಿ ಮೂಡಿತ್ತು.

‘ಬರ್ದಿದ್ಯಲ್ಲೋ.’

ಸಂಜೀವಯ್ಯ ಹೌದೆಂದ.

‘ಬರ್ದು ಯಾಕ್ ಹೊಡೆದಾಕ್ದೆ?’

ಬೈಲಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ. ಅದಿದ್ದರೆ ಸುಲಭವಾಗುತ್ತಿತ್ತು. ಅವನು ನಿಜವಾಗಿ ಕೇಳುತ್ತಿದ್ದ, ಆಟದ ಬಗ್ಗೆ, ಯಾವತ್ತೂ ಕೇಳುವ ಹಾಗೆ. ಹಾಲಿನಲ್ಲಿ ಡೆಸ್ಕುಗಳನ್ನು ಎಳೆಯುವ ಸದ್ದು ಶುರುವಾಗಿತ್ತು. ಸಂಜೀವಯ್ಯ ಪೆನ್ನಿನ ಮುಚ್ಚಳ ಹಾಕಿದ, ತೆಗೆದ, ಮತ್ತೆ ಹಾಕಿದ.

‘ಅದ್ರಲ್ಲಿ ಒಂದು ತೂತಿದೆ. ಆಡೋಕೆ ಮುಂಚೆ ಕಾಣಿಸ್ತು.’

ಬೈಲಪ್ಪ ಹಾಳೆ ಕೆಳಗಿಟ್ಟ. ಅವನ ಮುಖ ಕಪ್ಪಾಯಿತು. ನಾಲ್ಕು ತಿಂಗಳು ಕೂತು ತಾನೇ ಕಟ್ಟಿಕೊಟ್ಟಿದ್ದು, ಅದರಲ್ಲಿ ತೂತು. ಸ್ನೇಹಿತನ ಕೆಲಸ ಹೋದದ್ದು ಆ ತೂತಿನಿಂದ. ಅವನು ಹಾಗೆ ಲೆಕ್ಕ ಹಾಕುತ್ತಿದ್ದಾನೆಂದು ಸಂಜೀವಯ್ಯನಿಗೆ ಕಾಣುತ್ತಿತ್ತು. ಇಲ್ಲ ಕಣೋ ಅಂದರೆ ಸಾಕಿತ್ತು. ಅಂದರೆ ಮುಂದಿನದನ್ನೂ ಹೇಳಬೇಕಿತ್ತು.

ಎಲ್ಲಿ ತೂತು ಎಂದು ಬೈಲಪ್ಪ ಕೇಳಿದ. ಕಾಯಿಗಳನ್ನು ಮತ್ತೆ ಜೋಡಿಸಲು ಹೊರಟ. ನಿನಗೆ ಇವತ್ತು ಹೊತ್ತಾಗುತ್ತದೆ, ಆಮೇಲೆ ತೋರಿಸುತ್ತೇನೆ ಎಂದು ಸಂಜೀವಯ್ಯ ಅವನ ಕೈ ತಡೆದ. ಹೊತ್ತಾಗುವುದು ಇವನಿಗೆ ಹೇಗೆ ಗೊತ್ತು ಎಂದು ಬೈಲಪ್ಪ ಒಂದು ಕ್ಷಣ ಬೆಚ್ಚಿದ. ಆಮೇಲೆ ನೆಲ ನೋಡುತ್ತ ಅಮ್ಮನ ಆಣೆ ಇತ್ತು ಮಗಾ, ಬೇಜಾರು ಮಾಡ್ಕೋಬೇಡ ಎಂದ. ಸಂಜೀವಯ್ಯ ಬೇಜಾರೇನಿಲ್ಲ ಎಂದ.

ಆ ಕೆಲಸ ನಾಲ್ಕನೇ ಸ್ಥಾನದಿಂದ ಮೂರನೆಯದಕ್ಕೆ ಏರಿದ ಕಾಲೇಜು ಹುಡುಗನೊಬ್ಬನಿಗೆ ಸಿಕ್ಕಿತು.

ಜನವರಿಯಲ್ಲಿ ಅಂಜನಮ್ಮ ಮದುವೆ ಕರೆಯಲು ಯಡಿಯೂರಿನ ವಠಾರಕ್ಕೆ ತಾವೇ ಬಂದರು. ಸಂಜೀವಯ್ಯನ ತಾಯಿ ಅಣ್ಣಮ್ಮ ಏನು ಮಾಡಬೇಕೋ ತೋಚದೆ ಚಾಪೆ ಹಾಕಿ, ಅದನ್ನು ತೆಗೆದು ಕುರ್ಚಿ ಹಾಕಿ, ಕಾಫಿ ಕೊಡಲೋ ಬೇಡವೋ ಎಂದು ಬಾಗಿಲ ಸಂದಿಯಿಂದ ಮಗನ ಮುಖ ನೋಡಿದರು. ಅಂಜನಮ್ಮ ಚಾಪೆಯ ಮೇಲೇ ಕುಳಿತರು. ಕೊಟ್ಟ ಕಾಫಿ ಕುಡಿದು, ಇನ್ನು ಅರ್ಧ ಲೋಟ ಇದ್ರೆ ಹಾಕಮ್ಮ, ನಡೆದು ನಡೆದು ಗಂಟಲು ಒಣಗಿದೆ ಎಂದು ಮತ್ತೆ ಕೇಳಿ ಹಾಕಿಸಿಕೊಂಡರು. ಹೋಗುವಾಗ, ನಿನ್ ಮಗ ಒಂದೇ ಒಂದು ದಿನ ಲೋಟದ ತಳದಲ್ಲಿ ಕಾಫಿ ಬಿಡದೆ ಕುಡಿದವನಲ್ಲ, ಆಟದ ಧ್ಯಾನ ಎಂದು ಅಣ್ಣಮ್ಮನ ಹತ್ತಿರ ದೂರು ಹೇಳಿದರು. ಸಂಜೀವಯ್ಯ ಗೋಡೆಗೆ ಒರಗಿ ನಿಂತು ಕೇಳಿಸಿಕೊಂಡ. ನೆಗ್ಗಿದ ಲೋಟದ ಬಗ್ಗೆ ಆ ದಿನವೂ ಏನೂ ತಿಳಿಯಲಿಲ್ಲ. ಕೇಳಬಹುದಾದ ಪ್ರಶ್ನೆಯೂ ಅದಾಗಿರಲಿಲ್ಲ.

ಮದುವೆಗೆ ಅವನು ಹೋಗಲಿಲ್ಲ. ಅವತ್ತೇ ಮೈಸೂರಿನಲ್ಲಿ ಇಂಟರ್‌ವ್ಯೂ ಇದೆ ಎಂದು ಹೇಳಿ ಕಳಿಸಿ, ಇಡೀ ದಿನ ಲಾಲ್‌ಬಾಗಿನ ಬಂಡೆಯ ಮೇಲೆ ಕುಳಿತಿದ್ದು ಸಂಜೆ ಮನೆಗೆ ಬಂದ. ಡಿಪೋಗೆ ಹೋಗುವುದೂ ವಾರಕ್ಕೊಮ್ಮೆಯಾಗಿ, ತಿಂಗಳಿಗೊಮ್ಮೆಯಾಗಿ, ನಿಂತಿತು. ಹೋದಾಗಲೆಲ್ಲ ಬೈಲಪ್ಪ ಬೋರ್ಡು ಹಾಕುತ್ತಿದ್ದ. ಎಲ್ಲಿದೆ ಹೇಳು ಅನ್ನುತ್ತಿದ್ದ. ನೀನೇ ಹುಡುಕು ಎಂದು ಸಂಜೀವಯ್ಯ ತಮಾಷೆಯ ಹಾಗೆ ತೇಲಿಸುತ್ತಿದ್ದ. ಹಾಗಂದದ್ದೇ ಬೈಲಪ್ಪನಿಗೆ ಹಟವಾಯಿತು.

ಎಂಬತ್ತೈದರಲ್ಲಿ ಸಂಜೀವಯ್ಯನಿಗೆ ಅಂಚೆ ಇಲಾಖೆಯಲ್ಲಿ ಕೆಲಸ ಸಿಕ್ಕಿತು. ಪರೀಕ್ಷೆ ಬರೆದು ಸಿಕ್ಕಿದ್ದು. ಅಷ್ಟು ಹೊತ್ತಿಗೆ ಮನೆಮನೆಗೆ ಗ್ಯಾಸ್ ಬರತೊಡಗಿ ಸೌದೆ ಕೇಳುವವರು ಕಡಿಮೆಯಾಗಿದ್ದರು. ಬೈಲಪ್ಪ ಡಿಪೋ ಮುಚ್ಚಿ ತಲಘಟ್ಟಪುರಕ್ಕೆ ಹಿಂದಿರುಗಿ ಮರ ಕೊಯ್ಯುವ ಮಿಷನ್ ಹಾಕಿಕೊಂಡ. ಅಲ್ಲಿಂದ ಕಾರ್ಡುಗಳು ಬರತೊಡಗಿದವು. ವರ್ಷಕ್ಕೆ ನಾಲ್ಕು, ಐದು. ಹದಿನೈದು ಪೈಸೆಯ ಪೋಸ್ಟ್‌ಕಾರ್ಡಿನ ತುಂಬ ಇರುವೆ ಸಾಲಿನಂಥ ಅಕ್ಷರ. ಕ್ಷೇಮ ಸಮಾಚಾರ ಒಂದು ಸಾಲು, ಉಳಿದದ್ದೆಲ್ಲ ನಡೆಗಳು. ‘ರಾಜನ್ನ ಪಕ್ಕಕ್ಕೆ ಸರಿಸಿದರೆ ಅಂತ ನೋಡಿದೆ. ಅದಲ್ಲ. ಅದಕ್ಕೆ ನಮ್ಮ ಕುದುರೆ ಸಾಕು.’ ಇನ್ನೊಂದರಲ್ಲಿ, ‘ಆನೆ ತಂದರೆ? ಇದೇನಾ ನೀನು ಕಂಡಿದ್ದು? ಹೌದು ಅಲ್ಲ ಅಂತ ಒಂದು ಮಾತು ಬರಿ.’

ಸಂಜೀವಯ್ಯ ಉತ್ತರ ಬರೆಯುತ್ತಿದ್ದ. ಅಲ್ಲ, ಎಂದು ಬರೆಯುತ್ತಿದ್ದ. ಪ್ರತಿ ಸಲವೂ ಕಾರ್ಡಿನ ಎದುರು ಕುಳಿತಾಗ ಇನ್ನೊಂದು ವಾಕ್ಯ ಮನಸ್ಸಿನಲ್ಲಿ ಸಿದ್ಧವಾಗಿರುತ್ತಿತ್ತು. ಬರೆದು, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಇನ್ನೊಮ್ಮೆ ನೋಡಬೇಕಾದಂಥ ವಾಕ್ಯ. ಕಾರ್ಡು ಎಲ್ಲರ ಕೈಯಲ್ಲೂ ಹೋಗುವಂಥದ್ದು, ಯಾರಾದರೂ ಓದಿಯಾರು, ಕವರಿನಲ್ಲಿ ಬರೆದರಾಯಿತು ಎಂದುಕೊಳ್ಳುತ್ತಿದ್ದ. ಮೇಜಿನ ಖಾನೆಯಲ್ಲಿ ಅಂಚೆ ಕವರುಗಳು ಬೇಕಾದಷ್ಟಿದ್ದವು.

ಎಂಬತ್ತೆಂಟರ ಆಗಸ್ಟಿನಲ್ಲಿ ಬಂದ ಕಾರ್ಡಿನಲ್ಲಿ ಕ್ಷೇಮ ಸಮಾಚಾರವೂ ಇರಲಿಲ್ಲ.

‘ಸಿಕ್ಕಿತು ಮಗಾ. ನಿನ್ನೆ ಮಧ್ಯಾಹ್ನ ಕರೆಂಟು ಹೋಗಿ ಮಿಷನ್ ನಿಂತಿದ್ದಾಗ ಸಿಕ್ಕಿತು. ನಮ್ಮ ರಾಣಿ ಹಿಂದಕ್ಕೆ ಬಂದ ಮೇಲೆ ಬಿಳಿ ಕುದುರೆ f4 ಮನೆಗೆ ಬರುತ್ತೆ. ನಮ್ಮ ಒಂಟೆ ಅದನ್ನ ಹೊಡೆದರೆ ಅವನ ಒಂಟೆ ನಮ್ಮದನ್ನ ಹೊಡೆಯುತ್ತೆ. ನಮ್ಮ ರಾಣಿ ಹೋಗಿ ಪದಾತಿ ತಿಂದರೆ ಅವನ ರಾಣಿ ಒಂದೇ ಸಲಕ್ಕೆ d3ಗೆ ಬಂದು ಎದುರು ನಿಲ್ಲುತ್ತೆ. ಅಷ್ಟೇ, ಮುಗೀತು, ನಮ್ಮ ಹತ್ತಿರ ಏನೂ ಇಲ್ಲ. ಕುದುರೆ ನಿಂತಿದ್ದ ಮನೆ ಖಾಲಿಯಾಗುತ್ತೆ ಅಂತ ನಾಲ್ಕು ತಿಂಗಳು ನನಗೆ ಹೊಳೀಲೇ ಇಲ್ಲ. ನೀನು ಅಲ್ಲಿ ಕೂತು ಇಪ್ಪತ್ತು ನಿಮಿಷದಲ್ಲಿ ನೋಡಿಬಿಟ್ಟೆ. ನನಗೆ ಐದು ವರ್ಷ ಬೇಕಾಯ್ತು. ಭಾವ ಮೇಷ್ಟ್ರಿಗೂ ತೋರಿಸಿದೆ, ಸಂಜೀವಯ್ಯನ ತಲೆ ದೊಡ್ಡದು ಅಂದ್ರು. ಅವತ್ತು ನನ್ನ ಮಾತು ನಂಬಿ ಆಡಲಿಲ್ಲವಲ್ಲ, ಅದಕ್ಕೆ ನನಗೆ ಬೇಜಾರಿಲ್ಲ, ಸಂತೋಷ. ಇದೇ ತಾನೇ?’

ಸಂಜೀವಯ್ಯ ಮನೆಗೆ ಹೋಗಿ ಬೋರ್ಡು ತೆಗೆದು ಕಾಯಿಗಳನ್ನು ಜೋಡಿಸಿದ. ಕುದುರೆ, ಒಂಟೆ, ಒಂಟೆ, ರಾಣಿ, ರಾಣಿ. ಬೈಲಪ್ಪ ಬರೆದದ್ದು ಸರಿಯಾಗಿತ್ತು. ಆ ಬಲಿಯಲ್ಲಿ ತೂತಿತ್ತು. ಅವನು ಬಹಳ ಹೊತ್ತು ಬಿಳಿ ರಾಣಿಯನ್ನು ನೋಡುತ್ತ ಕುಳಿತಿದ್ದ. ಆಮೇಲೆ ಒಂದು ಕಾರ್ಡು ತೆಗೆದುಕೊಂಡು ‘ಹೌದು, ಇದೇ’ ಎಂದು ಬರೆದು, ಮಾರನೆಯ ದಿನ ಆಫೀಸಿಗೆ ಹೋಗುವಾಗ ಡಬ್ಬಿಗೆ ಹಾಕಿದ.

ಆ ಭಾನುವಾರ ತಾನು ತೂತು ಕಾಣಲಿಲ್ಲ, ಬಾಗಿಲಲ್ಲಿ ನಿಂತಿದ್ದ ಬೈಲಪ್ಪನನ್ನು ನಂಬಲಿಲ್ಲ ಎಂದು ಅವನು ಬೈಲಪ್ಪನಿಗೆ ಹೇಳಲಿಲ್ಲ.